ಒಳಗಿನ ಬಟ್ಟೆಗೂ ಮೈಯ ಅಳತೆ

ರವಿಕೆಯ ವಿಷಯಕ್ಕೆ ಬಂದರೆ ನಮ್ಮ ಹೆಣ್ಣುಮಕ್ಕಳು ಯಾರ ಮುಲಾಜಿಗೂ ಬೀಳುವವರಲ್ಲ. ತೋಳು ಅರ್ಧ ಇಂಚು ಬಿಗಿಯಾದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಾರೆ, ಕಂಕುಳಲ್ಲಿ ಸುಕ್ಕು ಬಿದ್ದರೆ ಟೈಲರನ್ನೇ ಬದಲಾಯಿಸುತ್ತಾರೆ. ಚೆನ್ನಾಗಿ ಕೂತ ಒಂದನ್ನು ಅಳತೆ ರವಿಕೆಯೆಂದು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ಅವರೇ ಅದರ ಒಳಗೆ ತೊಡುವ ಬ್ರಾ ಕೊಳ್ಳುವ ರೀತಿ ನೋಡಿ: ಅಂಗಡಿಯವನೆದುರು ತಗ್ಗಿದ ದನಿಯಲ್ಲಿ ಒಂದು ನಂಬರು, ಪೇಪರಿನಲ್ಲಿ ಸುತ್ತಿದ ಡಬ್ಬಿ, ಅವಸರದಲ್ಲಿ ಕೊಟ್ಟ ದುಡ್ಡು. ತೊಟ್ಟು ನೋಡುವ ಮಾತೇ ಇಲ್ಲ. ಮೈಗೆ ಎಲ್ಲಕ್ಕಿಂತ ಹತ್ತಿರವಿರುವ, ಬೆಳಗಿನಿಂದ ರಾತ್ರಿಯವರೆಗೆ ತೊಟ್ಟೇ ಇರುವ ಬಟ್ಟೆಗೆ ಅಳತೆ ತೆಗೆಯುವವರೇ ಇಲ್ಲ.

ಅಳತೆ ಕೊಟ್ಟರೆ ಒಳಉಡುಪು ಹೊಲಿದುಕೊಡುವ ಟೈಲರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಉಳಿದ ದಾರಿ, ಮನೆಯಲ್ಲಿ ತಾವೇ ಹೊಲಿದುಕೊಳ್ಳುವುದು. ಹೊರದೇಶಗಳಲ್ಲಿ ಇದು ಆಗಲೇ ಬೇರೂರಿದೆ. ಕೆನಡಾದ ಬೆವರ್ಲಿ ಜಾನ್ಸನ್ ಬ್ರಾ ಹೊಲಿಗೆಯನ್ನೇ ಕಲಿಸುತ್ತ ಬಂದವರು, ಅದಕ್ಕೆಂದೇ ಕೈಪಿಡಿ ಬರೆದವರು. ಅಮೆರಿಕದ ‘ಕ್ಲಾತ್ ಹ್ಯಾಬಿಟ್’ ಹೊರತಂದ ‘ವಾಟ್ಸನ್’ ಎಂಬ ತಂತಿಯಿಲ್ಲದ ಮೆತ್ತನೆಯ ಬ್ರಾದ ಪೇಪರ್ ಪ್ಯಾಟರ್ನ್ ಹಿಡಿದು ಕಲಿತವರು ಬೇಕಾದಷ್ಟು ಮಂದಿ. ನಮ್ಮಲ್ಲಿ ಬೀದಿಗೊಂದು ಹೊಲಿಗೆ ಮಷಿನ್ ಇದೆ, ರವಿಕೆ ಹೊಲಿದೇ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಆದರೂ ಈ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ಹಾಕಬೇಕೆಂದು ನಾನು ಹೇಳುತ್ತಿರುವುದಕ್ಕೆ ಕಾರಣವಿದೆ. ಇದಕ್ಕೆ ಬೇಕಾದ ವಿದ್ಯೆಯ ಬಹುಪಾಲು ನಮ್ಮ ಹೊಲಿಗೆಯವರಿಗೆ ಬಂದೇ ಇದೆ.

ಕಟೋರಿ ರವಿಕೆಯನ್ನು ಎದುರಿಗೆ ಹಾಸಿಕೊಂಡು ನೋಡಿ. ಎದೆಯ ಉಬ್ಬಿಗೆ ಒಂದು ದುಂಡು ತುಂಡು, ಅದನ್ನು ಹಿಡಿದಿಡುವ ಪಕ್ಕದ ತುಂಡು, ಕೆಳಗೆ ಸುತ್ತಿಬರುವ ಬೆಲ್ಟ್. ಬ್ರಾದಲ್ಲಿರುವುದೂ ಇದೇ: ಕಪ್, ಕಪ್ಪನ್ನು ಹೊತ್ತ ಚೌಕಟ್ಟು, ಬೆನ್ನಿಗೆ ಸುತ್ತುವ ಬ್ಯಾಂಡ್. ಚಪ್ಪಟೆ ಬಟ್ಟೆಯನ್ನು ಉಬ್ಬಿನ ಮೇಲೆ ಹೊದಿಸಿದರೆ ಅಂಚಿನಲ್ಲಿ ನೆರಿಗೆ ಬಿದ್ದೇ ಬೀಳುತ್ತದೆ. ಆ ಹೆಚ್ಚುವರಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿದರೆ ಟಕ್ಸ್, ಕತ್ತರಿಸಿ ತೆಗೆದು ಎರಡು ಬಾಗಿದ ಅಂಚುಗಳನ್ನು ಕೂಡಿಸಿದರೆ ಕಟೋರಿ. ಬ್ರಾ ಕಪ್ಪಿನಲ್ಲಿ ಸಾಮಾನ್ಯವಾಗಿ ಮೂರು ತುಂಡು. ಮೇಲೊಂದು, ಕೆಳಗೆ ಎರಡು. ಇವನ್ನು ಕೂಡಿಸುವ ಎರಡು ಹೊಲಿಗೆಗಳು ಉಬ್ಬಿನ ತುದಿಯ ಆಸುಪಾಸಿನಲ್ಲಿ ಸೇರುತ್ತವೆ, ಏಕೆಂದರೆ ಬಟ್ಟೆಗೆ ಹೆಚ್ಚು ಆಳ ಬೇಕಾದದ್ದು ಅಲ್ಲೇ. ಕಟೋರಿಯನ್ನು ಸುಕ್ಕಿಲ್ಲದೆ ಕೂಡಿಸಬಲ್ಲ ಕೈಗೆ ಈ ಕಪ್ ಹೊಸತಾಗಿ ಕಾಣುವುದಿಲ್ಲ. ಬಟ್ಟೆ ತೆಳು, ಹೊಲಿಗೆಗೆ ಬಿಡುವ ಅಂಚು ಬರೀ ಕಾಲು ಇಂಚು, ಅಷ್ಟೇ.

ಹಾಗೆ ನೋಡಿದರೆ ಈ ಉಡುಪು ಹುಟ್ಟಿದ್ದೇ ಮನೆಯ ಸೂಜಿಯಿಂದ. ಆಸ್ಟ್ರಿಯಾದ ಪೂರ್ವ ಟಿರೋಲ್‌ನಲ್ಲಿರುವ ಲೆಂಗ್‌ಬರ್ಗ್ ಕೋಟೆಯ ದುರಸ್ತಿಯ ವೇಳೆ, 2008ರಲ್ಲಿ, ನೆಲದಡಿಯಲ್ಲಿ ಹುದುಗಿದ್ದ ಹಳೆಯ ಬಟ್ಟೆಯ ಚೂರುಗಳ ರಾಶಿ ಸಿಕ್ಕಿತು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬಿಯಾಟ್ರಿಕ್ಸ್ ನುಟ್ಜ್ ಅವುಗಳನ್ನು ಪರಿಶೀಲಿಸಿದಾಗ ಹದಿನೈದನೆಯ ಶತಮಾನದ, ನಾರುಬಟ್ಟೆಯ, ಬೇರೆಬೇರೆ ಕಪ್ಪುಗಳಿದ್ದ ಬ್ರಾಗಳು ಕಂಡವು. ಎಲ್ಲವೂ ಕೈಹೊಲಿಗೆ. ಒಂದಕ್ಕೆ ಸೂಜಿಯಲ್ಲೇ ಹೆಣೆದ ಲೇಸಿನ ಅಲಂಕಾರವೂ ಇತ್ತು. 1914ರ ನವೆಂಬರಿನಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಪೇಟೆಂಟ್ ಪಡೆದ ಬ್ರಾ ಕೂಡ ಒಂದು ಸಂಜೆ ನೃತ್ಯಕೂಟಕ್ಕೆ ಹೊರಡುವ ಮುನ್ನ, ಮನೆಯಲ್ಲಿದ್ದ ಎರಡು ಕರವಸ್ತ್ರ ಮತ್ತು ರಿಬ್ಬನ್ನನ್ನು ಜೋಡಿಸಿ ಹೊಲಿದದ್ದರಿಂದಲೇ ಶುರುವಾದದ್ದು. ಆಕೆ ಪೇಟೆಂಟನ್ನು ವಾರ್ನರ್ ಕಂಪನಿಗೆ 1,500 ಡಾಲರಿಗೆ ಮಾರಿದರು. ಅಲ್ಲಿಂದ ಮುಂದೆ ಅದು ಕಾರ್ಖಾನೆಯ ಮಾಲು.

ಕರ್ನಾಟಕದಲ್ಲಿ ಎದೆಗೆ ಆಸರೆ ಕೊಡುವ ಕೆಲಸವನ್ನು ಬಹುಕಾಲ ಕುಬುಸವೇ ಮಾಡಿತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣ ಅದಕ್ಕೆಂದೇ ಹುಟ್ಟಿದ ಬಟ್ಟೆ. ಎರಡೂ ಕಡೆ ಅಂಚು, ಒತ್ತಾದ ನೇಯ್ಗೆ, ಒಂದು ಕುಬುಸಕ್ಕೆ ಆಗುವಷ್ಟೇ ತುಂಡು. ಭೌಗೋಳಿಕ ಗುರುತೂ ಅದಕ್ಕೆ ಸಿಕ್ಕಿದೆ. ಮುಂದೆ ಗಂಟು ಹಾಕಿ ಬಿಗಿದ ಖಣದ ಕುಬುಸ ಎದೆಯನ್ನು ತಾನೇ ಎತ್ತಿ ಹಿಡಿಯುತ್ತಿತ್ತು, ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರಿಗೂ ಅದು ಸಾಕಾಗುತ್ತಿತ್ತು. ದಿನ ಕಳೆದಂತೆ ಮೈ ದಪ್ಪವಾದರೂ ತೆಳ್ಳಗಾದರೂ ಗಂಟನ್ನು ಸಡಿಲಿಸಿದರೆ, ಬಿಗಿದರೆ ಆಯಿತು. ಆ ಗಂಟಿನ ಅನುಕೂಲವನ್ನು ಹುಕ್ಕಿನ ಸಾಲು ಇಂದಿಗೂ ಪೂರ್ತಿ ಕೊಟ್ಟಿಲ್ಲವೆಂದೇ ನನಗೆ ಅನ್ನಿಸುವುದು. ಆಮೇಲೆ ಬಂದದ್ದು ಹತ್ತಿ ಬಟ್ಟೆಯ ‘ಬಾಡಿ’. ಅಜ್ಜಿಯರ ಟ್ರಂಕಿನ ತಳದಲ್ಲಿ ಈಗಲೂ ಸಿಗುವ ಬಾಡಿಗಳ ಹೊಲಿಗೆ ನೋಡಿದರೆ ಅದು ರವಿಕೆ ಹೊಲಿದ ಕೈಯೇ ಎಂದು ಗೊತ್ತಾಗುತ್ತದೆ.

ಈಗ ಅಂಗಡಿಯ ಆ ನಂಬರಿನ ಕಡೆಗೆ ಬರೋಣ. 34ಬಿ ಎಂದರೆ ಎರಡು ಅಳತೆಗಳ ಜೋಡಿ. ಅಂಕಿ ಬ್ಯಾಂಡಿನದು, ಅಕ್ಷರ ಕಪ್ಪಿನದು. ಕಪ್ಪಿಗೆ ಅಕ್ಷರ ಕೊಡುವುದನ್ನು ಅಮೆರಿಕದ ಎಸ್.ಎಚ್. ಕ್ಯಾಂಪ್ ಕಂಪನಿ 1932ರ ಹೊತ್ತಿಗೆ ಶುರುಮಾಡಿತು, ಎ ಇಂದ ಡಿ ವರೆಗೆ. ಅಕ್ಷರ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. 32ಡಿ, 34ಸಿ, 36ಬಿ, ಈ ಮೂರರ ಕಪ್ಪಿನಲ್ಲಿ ಹಿಡಿಯುವ ಗಾತ್ರ ಒಂದೇ, ಬ್ಯಾಂಡ್ ಮಾತ್ರ ಬೇರೆ. ನಮ್ಮ ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 34, 36, 38ರ ಬಿ ಕಪ್ಪುಗಳೇ. ಎದೆ ತುಂಬಿಕೊಂಡು ಪಕ್ಕೆಲುಬು ಸಣ್ಣಗಿರುವ ಹೆಣ್ಣುಮಗಳಿಗೆ ಕಪ್ಪು ಸಾಲುವುದಿಲ್ಲ, ಆಗ ಅವಳು ದೊಡ್ಡ ನಂಬರಿಗೆ ಹೋಗುತ್ತಾಳೆ. ಬ್ಯಾಂಡ್ ಸಡಿಲವಾಗಿ ಬೆನ್ನ ಮೇಲೆ ಏರುತ್ತದೆ, ಇಡೀ ಭಾರ ಭುಜದ ಪಟ್ಟಿಗಳ ಮೇಲೆ ಬೀಳುತ್ತದೆ. ಎಷ್ಟೋ ತಾಯಂದಿರ ಭುಜದಲ್ಲಿ ಅಚ್ಚೊತ್ತಿದಂತೆ ಕಾಣುವ ಆ ಗುಳಿ ಬಿದ್ದದ್ದು ಹೀಗೆ. ಭಾರದ ಹೆಚ್ಚಿನ ಪಾಲನ್ನು ಹೊರಬೇಕಾದದ್ದು ಬ್ಯಾಂಡ್. ಭುಜದ ಪಟ್ಟಿ ಕಪ್ಪಿನ ಮೇಲಂಚು ಜಾರದಂತೆ ಹಿಡಿಯಲಿಕ್ಕೆ ಇರುವಂಥದ್ದು.

ಆದ್ದರಿಂದ ಮನೆಯಲ್ಲಿ ಹೊಲಿಯುವವರು ಮೊದಲು ಹಿಡಿಯಬೇಕಾದದ್ದು ಟೇಪು. ಎದೆಯ ಕೆಳಗೆ, ಉಸಿರು ಬಿಟ್ಟು, ಟೇಪು ಚರ್ಮಕ್ಕೆ ತಾಗಿ ಬಿಗಿಯಾಗಿರುವಂತೆ ಒಂದು ಅಳತೆ. ಎದೆಯ ಅತಿ ಉಬ್ಬಿದ ಭಾಗದಲ್ಲಿ, ಟೇಪು ಒತ್ತದಂತೆ ಇನ್ನೊಂದು. ಎರಡರ ನಡುವಿನ ವ್ಯತ್ಯಾಸ 1 ಇಂಚಾದರೆ ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ. ಕೆಲವು ಕಡೆ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಸೇರಿಸಿ ನಂಬರು ಹೇಳುವ ರೂಢಿಯಿದೆ. ಹಿಗ್ಗುವ ಬಟ್ಟೆಯಲ್ಲಿ ಹೊಲಿಯುವವರು ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಈ ಲೆಕ್ಕ ಶುರುಮಾಡಲಿಕ್ಕೆ ಮಾತ್ರ. ಕೊನೆಯ ಮಾತು ಹಳೆಯ ಬಟ್ಟೆಯಲ್ಲಿ ಹೊಲಿದು ನೋಡುವ ಟ್ರಯಲ್ ಪೀಸಿನದು.

ಟ್ರಯಲ್ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅವಸರ ಮಾಡಬಾರದು. ಎರಡು ಕಪ್ಪುಗಳ ನಡುವಿನ ತುಂಡು ಎದೆಮೂಳೆಗೆ ಚಪ್ಪಟೆಯಾಗಿ ಅಂಟಿ ಕೂರಬೇಕು. ಅದು ಮೇಲೆದ್ದು ತೇಲುತ್ತಿದ್ದರೆ ಕಪ್ಪು ಚಿಕ್ಕದಾಗಿದೆ ಎಂದೇ ಬಹುಪಾಲು ಅರ್ಥ. ಮೇಲಂಚಿನಲ್ಲಿ ಮೈ ಉಕ್ಕಿದರೂ ಅದೇ ಕಾರಣ. ಕಪ್ಪಿನ ತುದಿಯಲ್ಲಿ ಬಟ್ಟೆ ಖಾಲಿಯಾಗಿ ಮುದುಡಿದರೆ ಆಳ ಹೆಚ್ಚಾಗಿದೆ, ಅಲ್ಲಿ ಗುಂಡುಪಿನ್ನು ಚುಚ್ಚಿ, ಎಷ್ಟು ಹಿಡಿದಿರೋ ಅಷ್ಟನ್ನೇ ಪೇಪರಿನಲ್ಲೂ ಕತ್ತರಿಸಿ ತೆಗೆಯಬೇಕು. ಕಪ್ಪಿನ ಕೆಳಗಿನ ದುಂಡು ಹೊಲಿಗೆ ಎದೆಯ ಬುಡದ ಗೆರೆಯಲ್ಲೇ ಸಾಗಬೇಕು, ಕಂಕುಳ ಕಡೆ ಎದೆಯ ಮೇಲೆ ಹತ್ತಿದರೆ ದಿನವಿಡೀ ಚುಚ್ಚುತ್ತದೆ. ಬೆನ್ನಿನ ಬ್ಯಾಂಡ್ ಮುಂದಿನಷ್ಟೇ ಎತ್ತರದಲ್ಲಿ ಅಡ್ಡಕ್ಕೆ ನೇರವಾಗಿರಬೇಕು. ಕೈ ಎತ್ತಿ, ಬಗ್ಗಿ, ಕೂತು ನೋಡಬೇಕು. ಬಹುತೇಕ ಹೆಂಗಸರ ಎರಡು ಎದೆಗಳು ಒಂದೇ ಗಾತ್ರದವಲ್ಲ. ಅಂಗಡಿಯ ಬ್ರಾ ಇದನ್ನು ಗಮನಿಸುವುದೇ ಇಲ್ಲ. ಮನೆಯಲ್ಲಾದರೆ ದೊಡ್ಡದಕ್ಕೊಂದು ಪೇಪರ್, ಚಿಕ್ಕದಕ್ಕೊಂದು ಪೇಪರ್ ಕತ್ತರಿಸಿ ಎಡ ಬಲ ಬೇರೆಯಾಗಿ ಹೊಲಿಯಬಹುದು. ಮನೆಯ ಹೊಲಿಗೆಯ ಅತಿ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಕಾರ್ಖಾನೆಯ ಸಾಲಿನಲ್ಲಿ ಕೂತ ಹೆಣ್ಣುಮಗಳು ಒಂದೇ ಹೊಲಿಗೆಯನ್ನು ದಿನವಿಡೀ ಹಾಕುತ್ತಾಳೆ. ಬೆಂಗಳೂರಿನ ಗಾರ್ಮೆಂಟ್ ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಆದರೂ, ಇಡೀ ಉಡುಪನ್ನು ಒಂದು ಮೈಗೆ ಕೂರಿಸಿ ನೋಡುವ ಅವಕಾಶ ಆ ಕೆಲಸದಲ್ಲಿಲ್ಲ.

ಬಟ್ಟೆ ಅರ್ಧ ಮೀಟರಿಗಿಂತ ಕಡಿಮೆ ಸಾಕು. ಆದರೆ ಒಂದೇ ಬಗೆಯದಾದರೆ ಸಾಲದು. ಬೆನ್ನಿನ ಭಾಗಕ್ಕೆ ಹಿಗ್ಗಿ ಮತ್ತೆ ಗಟ್ಟಿಯಾಗಿ ಹಿಂದಕ್ಕೆಳೆಯುವ ‘ಪವರ್‌ನೆಟ್’, ಕಪ್ಪಿನ ಚೌಕಟ್ಟಿಗೆ ಹಿಗ್ಗದ ಅಸ್ತರು. ಹಿಗ್ಗನ್ನು ಅಳೆಯುವುದು ಸುಲಭ: 10 ಸೆಂಟಿಮೀಟರ್ ಬಟ್ಟೆಯನ್ನು ಸ್ಕೇಲಿನ ಮೇಲೆ ಎಳೆದಾಗ ಅದು 13ಕ್ಕೆ ಬಂದರೆ ಹಿಗ್ಗು ಶೇಕಡಾ 30. ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತ ಬರುವಂತೆ ಕತ್ತರಿಸಬೇಕು, ಉದ್ದಕ್ಕಲ್ಲ. ಸೂಜಿ ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಆಗಿರಬೇಕು, 75/11ರದು. ಮಾಮೂಲಿ ಚೂಪು ಸೂಜಿ ಹೆಣಿಗೆಯ ಎಳೆಯನ್ನೇ ಕತ್ತರಿಸಿ ತೂತು ಬೀಳಿಸುತ್ತದೆ. ದಾರ ಪಾಲಿಯೆಸ್ಟರ್. ಇಲಾಸ್ಟಿಕನ್ನು ಜಿಗ್‌ಜಾಗ್‌ನಲ್ಲಿ ಎರಡು ಸಲ ಹೊಲಿಯಬೇಕು: ಮೊದಲು ಬಟ್ಟೆಯ ಹೊರಮೈ ಮೇಲೆ ಅಂಚಿಗಿಟ್ಟು ಒಂದು ಸಾಲು, ಆಮೇಲೆ ಒಳಕ್ಕೆ ಮಡಚಿ ಇನ್ನೊಂದು. ಆಗ ಮೈಗೆ ತಾಗುವುದು ಇಲಾಸ್ಟಿಕ್ಕಿನ ಮೆತ್ತನೆಯ ಬದಿ, ಕತ್ತರಿಸಿದ ಅಂಚು ಒಳಗೆ ಮುಚ್ಚಿಹೋಗುತ್ತದೆ.

ಕಾಲಲ್ಲಿ ತುಳಿಯುವ ಕಪ್ಪು ಮಷಿನ್ ಇರುವವರು ಜಿಗ್‌ಜಾಗ್ ಇಲ್ಲವೆಂದು ಕೈಬಿಡಬೇಕಿಲ್ಲ. ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಲೈಕ್ರಾ ಎಳೆಯನ್ನು ಕಂಡುಹಿಡಿಯುವ ಮೊದಲೂ ಹೆಂಗಸರು ಬ್ರಾ ತೊಡುತ್ತಲೇ ಇದ್ದರು. ಒಳ್ಳೆಯ ಹತ್ತಿ ಪಾಪ್ಲಿನ್ನಿನಲ್ಲಿ, ನೇರ ಹೊಲಿಗೆಯಲ್ಲೇ ಕಪ್ಪು, ಚೌಕಟ್ಟು ಎಲ್ಲವನ್ನೂ ಮಾಡಿ, ಬೆನ್ನಿನಲ್ಲಿ ಹುಕ್ಕಿನ ಪಕ್ಕಕ್ಕೆ ಮಾತ್ರ ಅಗಲ ಇಲಾಸ್ಟಿಕ್ಕಿನ ತುಂಡು ಕೂಡಿಸಿದರೆ ನಮ್ಮ ಸೆಕೆಗೆ ಅದಕ್ಕಿಂತ ಹಿತವಾದ ಒಳಉಡುಪು ಇನ್ನೊಂದಿಲ್ಲ. ಹತ್ತಿಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಬಹುದು. ಸೀರೆಯ ಮರೆಯಲ್ಲಿ, ಕತ್ತಲ ಮೂಲೆಯಲ್ಲಿ ಅರೆಒಣಗಿದ ಬಟ್ಟೆ ತೊಟ್ಟು ತುರಿಕೆ ತಂದುಕೊಳ್ಳುವುದು ನಮ್ಮ ಮನೆಗಳಲ್ಲಿ ಇನ್ನಾದರೂ ನಿಲ್ಲಬೇಕು. ಹುಕ್ಕು, ರಿಂಗು, ಪಟ್ಟಿ ಸರಿಮಾಡುವ ಸ್ಲೈಡರು ಸಿಗದ ಊರಿನವರು ಸವೆದ ಬ್ರಾದಿಂದ ಅವನ್ನು ಬಿಚ್ಚಿಕೊಳ್ಳಬಹುದು. ಬಿಚ್ಚುವಾಗ ಒಂದೊಂದೇ ಹೊಲಿಗೆಯನ್ನು ಗಮನಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವ ಕ್ರಮವೂ ತಿಳಿಯುತ್ತದೆ. ಯಾವ ತರಗತಿಯೂ ಇದಕ್ಕಿಂತ ಚೆನ್ನಾಗಿ ಕಲಿಸಲಾರದು.

ಹೊಸಬರು ಬ್ರಾದಿಂದಲೇ ಶುರುಮಾಡಬೇಕೆಂದಿಲ್ಲ. ಚಡ್ಡಿ ಸುಲಭ. ಮುಂದೊಂದು, ಹಿಂದೊಂದು, ತೊಡೆಸಂದಿಗೆ ಎರಡು ಪದರದ ಹತ್ತಿಯ ತುಂಡು. ಹಳೆಯ ಟಿ-ಶರ್ಟಿನ ಬೆನ್ನಿನಲ್ಲಿ ಒಂದು ಬಂದೇ ಬರುತ್ತದೆ. ಸಂದಿಯ ಎರಡು ಪದರಗಳ ನಡುವೆ ಹಿಂಭಾಗವನ್ನು ಇಟ್ಟು ಹೊಲಿದು ತಿರುಗಿಸಿದರೆ ಹೊಲಿಗೆಯ ಗಂಟು ಮೈಗೆ ಎಲ್ಲೂ ತಾಗುವುದಿಲ್ಲ.

ಇನ್ನು ಒಳಲಂಗ. ಇದು ಸಣ್ಣ ವಿಷಯವೆಂದು ಯಾರೂ ತಳ್ಳಿಹಾಕಬಾರದು. 2024ರಲ್ಲಿ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ಹಿರಿಯ ಹೆಂಗಸರ ಬಗ್ಗೆ ಬರೆದರು. ದಶಕಗಳ ಕಾಲ ಒಬ್ಬರಿಗೆ ಸೀರೆಯ ಅಡಿಯಲ್ಲಿ ಬಿಗಿದ ಲಾಡಿ, ಇನ್ನೊಬ್ಬರಿಗೆ ಒಳಲಂಗವಿಲ್ಲದೆ ಬಿಗಿಯಾಗಿ ಕಟ್ಟಿದ ಸೀರೆ ಸೊಂಟದ ಒಂದೇ ಜಾಗವನ್ನು ತಿಕ್ಕಿ ತಿಕ್ಕಿ ಮಾಯದ ಹುಣ್ಣಾಗಿ, ಆ ಹುಣ್ಣು ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇಂಥದ್ದು ಅಪರೂಪವೇ ಸರಿ. ಆದರೆ ಸೊಂಟದ ಸುತ್ತ ಕಪ್ಪು ಗೆರೆ, ತುರಿಕೆ, ಸಿಪ್ಪೆಯೇಳುವ ಚರ್ಮ ಎಷ್ಟು ಮನೆಗಳಲ್ಲಿಲ್ಲ? ಸಪೂರ ಲಾಡಿಯ ಬದಲು ಎರಡೂವರೆ ಇಂಚು ಅಗಲದ, ಮೆತ್ತನೆಯ ಪಟ್ಟಿ ಇಟ್ಟು, ಪಕ್ಕದಲ್ಲಿ ಎರಡು ಮೂರು ಹುಕ್ಕು ಹಾಕಿದರೆ ಒತ್ತಡ ಅಗಲಕ್ಕೆ ಹಂಚಿಹೋಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಅಮ್ಮನಿಗೋ ಅಜ್ಜಿಗೋ ಇದನ್ನು ಮೊದಲು ಹೊಲಿದುಕೊಡಿ.

ಅಜ್ಜಿಯರ ಮಾತು ಬಂದದ್ದರಿಂದ ಇನ್ನೊಂದು. ಭುಜ ಹಿಡಿದುಕೊಂಡವರಿಗೆ ಕೈ ಬೆನ್ನ ಹಿಂದೆ ಹೋಗುವುದಿಲ್ಲ, ಹುಕ್ಕು ಹಾಕಲು ಮಗಳನ್ನೋ ಸೊಸೆಯನ್ನೋ ಕರೆಯಬೇಕಾಗುತ್ತದೆ, ಸಂಕೋಚದಿಂದ ಎಷ್ಟೋ ಮಂದಿ ತೊಡುವುದನ್ನೇ ಬಿಟ್ಟಿರುತ್ತಾರೆ. ರವಿಕೆಗೆ ಇಡುವ ಮುಂದಿನ ಹುಕ್ಕಿನ ಪಟ್ಟಿಯನ್ನೇ ಬ್ರಾದ ಎರಡು ಕಪ್ಪಿನ ನಡುವೆ ಇಟ್ಟು ಬೆನ್ನನ್ನು ಒಂದೇ ತುಂಡಾಗಿ ಕತ್ತರಿಸಿದರೆ ಆ ತೊಂದರೆ ತಪ್ಪಿತು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರಿಗೆ ಕಪ್ಪಿನ ಒಳಮೈಗೆ ಇನ್ನೊಂದು ಪದರ ಮೆತ್ತನೆಯ ಹೆಣಿಗೆ ಬಟ್ಟೆಯನ್ನು ಸುತ್ತ ಹೊಲಿದು, ಕಂಕುಳ ಕಡೆ ಮಾತ್ರ ತೆರೆದು ಬಿಟ್ಟರೆ ಜೇಬಾಗುತ್ತದೆ. ಕೃತಕ ಸ್ತನ ಅದರೊಳಗೆ ಜಾರದೆ ಕೂರುತ್ತದೆ, ತೊಳೆಯುವಾಗ ಹೊರಗೆ ತೆಗೆಯಬಹುದು. ಗಾಯದ ಗೆರೆ ಎಲ್ಲಿದೆಯೋ ಅಲ್ಲಿ ಹೊಲಿಗೆಯಾಗಲಿ ಇಲಾಸ್ಟಿಕ್ಕಾಗಲಿ ಬರದಂತೆ ತುಂಡುಗಳನ್ನು ಬದಲಿಸಿಕೊಳ್ಳಬೇಕು, ಕಂಕುಳು ಊದಿಕೊಳ್ಳುವವರಿಗೆ ಬ್ಯಾಂಡ್ ಅಗಲವಾಗಿರಬೇಕು, ಬಿಗಿ ಕಡಿಮೆಯಿರಬೇಕು. ಚಿಕಿತ್ಸೆಯ ನಂತರ ಮೈ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಹೊಲಿದ ಪೇಪರಿನ ಮೇಲೆ ತಾರೀಖು ಬರೆದಿಟ್ಟು, ಮುಂದಿನ ಸಲ ಕತ್ತರಿ ಹಿಡಿಯುವ ಮೊದಲು ಹೊಸದಾಗಿ ಅಳತೆ ತೆಗೆಯಬೇಕು.