ಮೈಬಿಸಿಗೆ ಅಗಸಿ ಹಿಂಡಿ?
ಆಳಂದ, ಅಫಜಲಪುರ, ಜೇವರ್ಗಿ ಕಡೆ ರೊಟ್ಟಿ ಜೊತೆ ಅಗಸಿ ಹಿಂಡಿ ಹೊಸದಲ್ಲ. ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಬೆವರಿಗೂ ಅದೇ ಮದ್ದು ಎನ್ನುವವರಿದ್ದಾರೆ. ಅಗಸಿಯ ಲಿಗ್ನಾನ್‌ಗೆ ಈಸ್ಟ್ರೋಜನ್ ಹೋಲುವ ಗುಣವಿರುವುದು ನಿಜ. ಆದರೆ 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 188 ಮಹಿಳೆಯರ ಪೈಕಿ ಅರ್ಧ ಮಂದಿಗೆ ಅಗಸಿ ತಿನಿಸು, ಉಳಿದವರಿಗೆ ಅಗಸಿಯಿಲ್ಲದ್ದು ಕೊಟ್ಟರು. ಆರು ವಾರದ ಬಳಿಕ ಎರಡೂ ಗುಂಪಿನಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಗೆ ಮೈಬಿಸಿ ಅರ್ಧಕ್ಕಿಳಿದಿತ್ತು. ‘ನನಗೆ ಗುಣ ಆಯ್ತಲ್ಲ’ ಎನ್ನುತ್ತೀರಾ? ಆಗಿರಬಹುದು, ಈ ತೊಂದರೆ ತಾನಾಗಿಯೂ ಏರಿಳಿಯುತ್ತದೆ. ನಾರಿಗಾಗಿ ಹಿಂಡಿ ತಿನ್ನಿ, ರುಚಿಗಂತೂ ತಿನ್ನಲೇಬೇಕು. ಆದರೆ ಅತಿ ರಕ್ತಸ್ರಾವಕ್ಕೆ, ಮುಟ್ಟು ನಿಂತು ವರ್ಷವಾದ ಮೇಲೆ ಕಾಣುವ ರಕ್ತಕ್ಕೆ ಮನೆಮದ್ದು ಬೇಡ. ತಾಲ್ಲೂಕು ಆಸ್ಪತ್ರೆಗೆ ಹೋಗಿ. ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ.