ಪೆಟ್ಟಿಗೆ ಜಾಣ, ತಂತಿ ದಡ್ಡ!

ಲಿಂಗದಹಳ್ಳಿ: ರೇಡಿಯೋ ಗೊರಗೊರ ಅಂದರೆ ಹಿಂದಿನವರು ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ, ಮೊದಲು ತಂತಿ ನೋಡುತ್ತಿದ್ದರು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಈ ಸೀಮೆಯಲ್ಲಿ ತೆಂಗಿನ ಮರಕ್ಕೂ ಸೂರಿಗೂ ತಂತಿ ಬಿಗಿದು ಕೇಳಿದ ಕಾಲ ಒಂದಿತ್ತು. ಆ ಬುದ್ಧಿ ಈಗ ಮತ್ತೆ ಬೇಕಾಗಿದೆ.

ಯಾಕೆ ಅಂತೀರಾ? ಈಗಿನ ಹುಡುಗರ ಕೈಗೆ ಸಾಫ್ಟ್‌ವೇರ್ ರೇಡಿಯೋ ಬಂದಿದೆ. ಅಂಗೈಯಗಲದ ಒಂದು ಬೋರ್ಡು ಗಾಳಿಯಲ್ಲಿನ ಅಲೆಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುತ್ತದೆ. ಸ್ಟೇಷನ್ನು ಹುಡುಕುವುದು, ದನಿ ಹೊರಡಿಸುವುದು ಎಲ್ಲ ಕಂಪ್ಯೂಟರಿನ ಕೆಲಸ. ಅಮೆರಿಕದ ಮೈಕೆಲ್ ಆಸ್‌ಮನ್ ಮಾಡಿದ ಹ್ಯಾಕ್‌ಆರ್‌ಎಫ್ ಇಂಥದ್ದೇ ಒಂದು. ಅದರ ನಕ್ಷೆ ಗುಟ್ಟಲ್ಲ, ಯಾರು ಬೇಕಾದರೂ ನೋಡಿ ಮಾಡಿಕೊಳ್ಳಬಹುದು.

ಅದರ ಮುಂಚಿನ ಮಾದರಿ ಜಾಬ್ರೇಕರ್‌ನಲ್ಲಿ ಒಂದು ತೊಡಕಿತ್ತು. ಬೋರ್ಡಿನ ಮೇಲೇ ತಾಮ್ರದ ಗೆರೆಯಲ್ಲಿ ಆಂಟೆನಾ ಬರೆದಿದ್ದರು. ಅದು 900 ಮೆಗಾಹರ್ಟ್ಸ್‌ಗೆ ಹೊಂದಿಸಿದ್ದು. ಭದ್ರಾವತಿ ಎಫ್‌ಎಂ ಇರುವುದು 103.5ರಲ್ಲಿ. ಚೋಟುದ್ದದ ಕೋಲಿನಿಂದ ಬಾವಿಯ ಆಳ ಅಳೆದ ಹಾಗಾಯ್ತು! ಹೊರಗಿನ ತಂತಿ ಸಿಕ್ಕಿಸಿದರೂ ಒಳಗಿನ ಗೆರೆ ಜೊತೆಯಲ್ಲೇ ಇರುತ್ತದೆ, ಬಂದ ಅಲೆಯಲ್ಲಿ ಪಾಲು ಕೇಳುತ್ತದೆ. ಅದಕ್ಕೆ ಮದ್ದು ಒಂದೇ: ಆ ಗೆರೆಗೆ ಹೋಗುವ ಸಣ್ಣ ತಾಮ್ರದ ಕೊಂಡಿಯನ್ನು ಚೂಪು ಬ್ಲೇಡಿನಿಂದ ಕತ್ತರಿಸಬೇಕು. ಮತ್ತೆ ಬೇಕಾದರೆ ಒಂದು ಹನಿ ಸೀಸದ ಬೆಸುಗೆ, ಅಷ್ಟೇ. ಆಮೇಲೆ ಬಂದ ಹ್ಯಾಕ್‌ಆರ್‌ಎಫ್ ಒನ್‌ನಲ್ಲಿ ಈ ರಗಳೆ ಇಲ್ಲ, ಆಂಟೆನಾ ಹೊರಗೇ ಸಿಕ್ಕಿಸಬೇಕು.

ತಂತಿಯ ಅಳತೆಗೆ ಲೆಕ್ಕ ಸುಲಭ. 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಕಾಲುಭಾಗ ಮೀಟರಿನಲ್ಲಿ ಸಿಗುತ್ತದೆ. 103.5ಕ್ಕೆ 72 ಸೆಂಟಿಮೀಟರ್. ತುದಿ ಸ್ವಲ್ಪ ಕತ್ತರಿಸಿ 70ರ ಆಸುಪಾಸು ಇಟ್ಟರೆ ಸರಿ. ಅಷ್ಟೇ ಉದ್ದದ ಎರಡು ತಂತಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ನಡುವಿನಿಂದ ಟಿವಿ ಕೇಬಲ್ಲು ಇಳಿಸಿದರೆ ಆಯ್ತು. ಕೇಬಲ್ಲು 75 ಓಮ್, ಬೋರ್ಡು 50 ಓಮ್. ಕೇಳುವುದಕ್ಕೆ ಈ ವ್ಯತ್ಯಾಸ ದೊಡ್ಡದಲ್ಲ. ನಿಲ್ಲಿಸಿ ನೋಡಿ, ಅಡ್ಡ ಮಲಗಿಸಿ ನೋಡಿ, ಯಾವುದು ಚೆನ್ನಾಗಿ ಕೇಳಿಸುತ್ತೋ ಅದೇ ಸರಿ. ಅಡಿಕೆ ತೋಟದ ನೆತ್ತಿ ದಾಟಿಸಿದರೆ ಇನ್ನೂ ಚೆಂದ. ಕೆಮ್ಮಣ್ಣುಗುಂಡಿ ಸಾಲಿನ ಆಚೆಯ ಸ್ಟೇಷನ್ನು ಬೇಕೆಂದರೆ ಮಾತ್ರ ಕಷ್ಟ. ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯುವ ಪೈಕಿ ಅಲ್ಲ.

ಈಗ ಎಚ್ಚರಿಕೆಯ ಮಾತು. ಹ್ಯಾಕ್‌ಆರ್‌ಎಫ್ ಒನ್ ತಡೆಯುವುದು ಒಂದು ಮಿಲಿವ್ಯಾಟಿನ ಮೂರನೇ ಒಂದು ಪಾಲಿನಷ್ಟು ಮಾತ್ರ. ಸಾವಿರಾರು ರೂಪಾಯಿಯ ಸಾಮಾನು! ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬರುವ ಮುಂಚೆಯೇ ಕೇಬಲ್ಲು ಕಳಚಿಡಬೇಕು. ಮೋಡ ಗುಡುಗಿದ ಮೇಲೆ ಓಡಿ ಹೋಗಿ ತಂತಿ ಮುಟ್ಟಿದರೆ ಬೋರ್ಡಿಗಿಂತ ಮೊದಲು ಜೀವಕ್ಕೇ ಸಂಚಕಾರ. ಕರೆಂಟು ಲೈನಿನ ಹತ್ತಿರವಂತೂ ಕಂಬ ನಿಲ್ಲಿಸಲೇಬಾರದು.

ಇನ್ನೊಂದು. ಈ ಬೋರ್ಡು ಕೇಳುವುದಷ್ಟೇ ಅಲ್ಲ, ಮಾತಾಡಿಸಲೂಬಲ್ಲದು. ಆಕಾಶವಾಣಿ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ರೇಡಿಯೋ ಲೈಸೆನ್ಸು ಮಾಡಿಸುತ್ತಿದ್ದ ಪದ್ಧತಿ 1980ರ ದಶಕದಲ್ಲೇ ಹೋಯಿತು. ಅಲೆ ಬಿಡುವುದು ಬೇರೆ ಮಾತು. ಅದಕ್ಕೆ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸು ಮಾಡಿ ಹ್ಯಾಮ್ ಲೈಸೆನ್ಸು ಪಡೆಯಬೇಕು, ಹ್ಯಾಮ್‌ಗಳಿಗೆಂದು ಬಿಟ್ಟ ಜಾಗದಲ್ಲೇ ಮಾತಾಡಬೇಕು. ತಮಾಷೆಗೆ ಗುಂಡಿ ಒತ್ತಿದರೂ ಕಾನೂನಿಗೆ ತಮಾಷೆ ಗೊತ್ತಿಲ್ಲ.

ಹೊಸ ಪೆಟ್ಟಿಗೆಗೆ ಹತ್ತು ಸಾವಿರ ಸುರಿಯುವ ಮುಂಚೆ ಒಂದೂವರೆ ಮೀಟರ್ ತಂತಿಗೆ ಹತ್ತಾರು ರೂಪಾಯಿ ಹಾಕಿ ನೋಡಲಿ. ಕಿವಿ ಸರಿಯಿದ್ದರೆ ತಾನೇ ತಲೆಗೆ ಕೆಲಸ!