ಬಣ್ಣ ಹತ್ತಬಾರದ ಜಾಗ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ನನ್ನ ಗೆಳೆಯನ ಗ್ಯಾರೇಜಿನಲ್ಲಿ ಎರಡು ವರ್ಷದಿಂದ ಒಂದು ಕಾರು ಮೈದಳೆಯುತ್ತಿತ್ತು. ಕಳೆದ ವಸಂತದಲ್ಲಿ ನಾನು ಹೋದಾಗ ಚೌಕಟ್ಟು ನಿಂತಿತ್ತು, ಎಂಜಿನ್ ಕೂತಿತ್ತು, ಸೀಟು ಇನ್ನೂ ಬಂದಿರಲಿಲ್ಲ. ಹಳೆಯ ಪತ್ರಿಕೆ ಹಾಸಿದ ಮೇಜಿನ ಮೇಲೆ ನಾಲ್ಕು ಬ್ರೇಕ್ ಕ್ಯಾಲಿಪರ್‌ಗಳು ತುಕ್ಕು ಮೆತ್ತಿಕೊಂಡು ಬಿದ್ದಿದ್ದವು. ‘ಈ ವಾರ ಇವಕ್ಕೆ ಬಣ್ಣ’ ಎಂದ. ಒಂದು ಮಧ್ಯಾಹ್ನದಲ್ಲಿ ಮುಗಿದೀತು ಅಂದುಕೊಂಡೆ. ಒಂಬತ್ತು ದಿನ ಹಿಡಿಯಿತು.

ನಾನು ಡಬ್ಬದ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಅವನು ತಡೆದ. ‘ಯಾವ ಜಾಗಕ್ಕೆ ಹಚ್ಚಬಾರದು ಅಂತ ಮೊದಲು ಬರೆದುಕೊಳ್ಳೋಣ, ಡಬ್ಬ ಆಮೇಲೆ ತೆಗಿ ಕಣೋ.’ ಆ ಒಂಬತ್ತು ದಿನದಲ್ಲಿ ನಾನು ಕಲಿತ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿತ್ತು.

ಕೈಯಾರೆ ಕಟ್ಟುವ ಕಾರು

ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿಕೊಂಡು ಮನೆಯಲ್ಲೇ ಜೋಡಿಸಿ ಕಟ್ಟುವ ಕಾರಿಗೆ ಕಿಟ್ ಕಾರ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಬೇರುಬಿಟ್ಟದ್ದಕ್ಕೆ ತೆರಿಗೆಯೂ ಒಂದು ಕಾರಣ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ ‘ಸೆವೆನ್’ ಎಂಬ ಹಗುರ ಕಾರನ್ನು ಹೊರತಂದಿತು. ಸಿದ್ಧ ಕಾರು ಕೊಂಡರೆ ಖರೀದಿ ತೆರಿಗೆ ಕಟ್ಟಬೇಕಿತ್ತು. ಬಿಡಿಭಾಗಗಳಾಗಿ ಕೊಂಡರೆ ಅದು ಉಳಿಯುತ್ತಿತ್ತು. ಆದರೆ ಜೋಡಣೆಯ ಕೈಪಿಡಿ ಜೊತೆಗೆ ಕೊಡುವಂತಿರಲಿಲ್ಲ. ಹಾಗಾಗಿ ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುವಂತೆ ಮಾಡಿದರು ಎಂಬ ಕಥೆ ಕಿಟ್ ಕಾರಿನವರಲ್ಲಿ ಇಂದಿಗೂ ಓಡಾಡುತ್ತದೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಅನುಕೂಲ ತಪ್ಪಿತು. ಅದೇ ವರ್ಷ ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ತೆರಿಗೆಯ ಲಾಭ ಹೋದರೂ ಕಟ್ಟುವ ಹಂಬಲ ಹೋಗಲಿಲ್ಲ. 1996ರಲ್ಲಿ ಶಾಲಾ ಶಿಕ್ಷಕ ರಾನ್ ಚಾಂಪಿಯನ್, ಬರೀ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ಅದನ್ನು ಓದಿ ಎಷ್ಟೋ ಜನ ತಮ್ಮ ಗ್ಯಾರೇಜಿನಲ್ಲಿ ಕಬ್ಬಿಣದ ಚೌಕ ಕೊಳವೆ ಬೆಸೆಯಲು ಕೂತರು.

ಇಂಥ ಕಾರಿಗೆ ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಬರುವುದು ಸಾಮಾನ್ಯವಾಗಿ ಒಂದು ಹಳೆಯ ಕಾರಿನಿಂದ. ಗೆಳೆಯನದಕ್ಕೆ ಗುಜರಿ ಸೇರಲಿದ್ದ ಮಾಜ್ದಾ ಎಂಎಕ್ಸ್-5 ಒದಗಿತು. ಮಾಜ್ದಾದಲ್ಲಿ ಕ್ಯಾಲಿಪರ್ ಮಡ್‌ಗಾರ್ಡಿನ ನೆರಳಲ್ಲಿ ಅಡಗಿರುತ್ತಿತ್ತು. ಅವನು ಕಟ್ಟುತ್ತಿದ್ದಂಥ ಸೆವೆನ್ ಮಾದರಿಯಲ್ಲಿ ಮುಂದಿನ ಗಾಲಿಗಳು ಮೈಯಿಂದ ಆಚೆ ಚಾಚಿಕೊಂಡಿರುತ್ತವೆ, ಮೇಲೆ ಸೈಕಲ್ಲಿನಂಥ ಕಿರಿದಾದ ಮಡ್‌ಗಾರ್ಡ್ ಅಷ್ಟೆ. ಅಲ್ಲಿ ಕ್ಯಾಲಿಪರ್ ಹಾದಿಹೋಕರ ಕಣ್ಣಿಗೆಲ್ಲ ಬೀಳುತ್ತದೆ. ಮಳೆಯೂ ರಸ್ತೆಗೆ ಎರಚುವ ಉಪ್ಪೂ ನೇರವಾಗಿ ಅದಕ್ಕೇ ಬಡಿಯುತ್ತವೆ. ಹೀಗಾಗಿ ಬಣ್ಣ ಅಂದಕ್ಕೆ ಎಷ್ಟು ಬೇಕೋ ರಕ್ಷಣೆಗೂ ಅಷ್ಟೇ ಬೇಕು.

ಬಿಸಿಯ ನಡುವೆ ಬಾಳುವ ಬೀಡು

ಕ್ಯಾಲಿಪರ್ ಒಂದು ಇಕ್ಕಳ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅದರೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ, ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಹಿಡಿಯುತ್ತವೆ. ಕಾರಿನ ಓಟವೆಲ್ಲ ಅಲ್ಲಿ ಶಾಖವಾಗುತ್ತದೆ. ಚಾಲಕನೂ ಸೇರಿ 600 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಬ್ರೇಕ್ ಹಿಡಿದು ನಿಂತರೆ ಸುಮಾರು 230 ಕಿಲೋಜೂಲ್ ಶಾಖ ಹುಟ್ಟುತ್ತದೆ. ಮುಕ್ಕಾಲು ಲೀಟರಿಗೆ ತುಸು ಕಡಿಮೆ ತಣ್ಣೀರು ಕುದಿಯ ಹಂತಕ್ಕೆ ಬರಲು ಅಷ್ಟು ಸಾಕು. ಅದು ಒಮ್ಮೆ ನಿಂತ ಲೆಕ್ಕ. ಇಳಿಜಾರಿನಲ್ಲಿ ಮತ್ತೆ ಮತ್ತೆ ಹಿಡಿದರೆ ಶಾಖ ಆರುವ ಮೊದಲೇ ಇನ್ನಷ್ಟು ಸೇರುತ್ತದೆ. ಗೇಟಿಗೆ ಬಳಿಯುವ ಪೇಂಟು ಇಲ್ಲಿ ಹಳದಿಗಟ್ಟಿ, ಸುಲಿದು ಉದುರುತ್ತದೆ.

ಬಣ್ಣಕ್ಕೆ ಇನ್ನೊಂದು ಶತ್ರು ಕ್ಯಾಲಿಪರಿನ ಹೊಟ್ಟೆಯಲ್ಲೇ ಇದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್. ಅದು ಗ್ಲೈಕಾಲ್ ಜಾತಿಯ ದ್ರವ. ಸಾಧಾರಣ ಪೇಂಟಿನ ಮೇಲೆ ಒಂದು ಹನಿ ಬಿದ್ದು ಅಲ್ಲೇ ಉಳಿದರೆ ಬಣ್ಣ ಮೆತ್ತಗಾಗಿ ಎದ್ದುಬರುತ್ತದೆ. ಶಾಖ ಮತ್ತು ಈ ದ್ರವ, ಎರಡನ್ನೂ ತಾಳುವ ಹೊದಿಕೆಗೆ ಎರಡು ದಾರಿಗಳಿವೆ. ಒಂದು, ಗಟ್ಟಿಕಾರಕ ಬೆರೆಸಿ ಬ್ರಷ್ಷಿನಿಂದ ಹಚ್ಚುವ ಕ್ಯಾಲಿಪರ್ ಪೇಂಟು. ಇನ್ನೊಂದು, ಪೌಡರ್ ಕೋಟಿಂಗ್.

ನನ್ನ ಗೆಳೆಯ ತುಮಕೂರಿನವನು. ದೇಶ ಬಿಡುವ ಮೊದಲು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದ. ಗಲ್ಲಿಗೊಂದು ಪೌಡರ್ ಕೋಟಿಂಗ್ ಬೋರ್ಡು ಕಾಣುವ ಊರದು. ಕೊಕ್ಕೆಗೆ ತೂಗುಹಾಕಿದ ಲೋಹಕ್ಕೆ ಅರ್ತಿಂಗ್ ಕೊಟ್ಟು, ಗನ್ನಿನಿಂದ ವಿದ್ಯುದಾವೇಶದ ಪುಡಿ ಹಾರಿಸುತ್ತಾರೆ. ಪುಡಿ ಲೋಹವನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಆಮೇಲೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟರೆ ಪುಡಿ ಕರಗಿ, ಹರಡಿ, ಒಂದೇ ಚರ್ಮವಾಗಿ ಗಟ್ಟಿಯಾಗುತ್ತದೆ. ಅದನ್ನು ಅವನು ವಿವರಿಸುವಾಗ ನಮ್ಮೂರ ಬೀದಿಗೆ ಬರುತ್ತಿದ್ದ ಕಲಾಯಿಯವರು ನೆನಪಾದರು. ಹಿತ್ತಾಳೆ ಪಾತ್ರೆಯನ್ನು ಉಜ್ಜಿ ತೊಳೆದು, ಕಾಯಿಸಿ, ನವಸಾಗರ ಹಾಕಿ, ತವರ ಕರಗಿಸಿ ಬಟ್ಟೆಯಲ್ಲಿ ಒಮ್ಮೆ ಬಳಿದರೆ ಪಾತ್ರೆಯ ಒಳಗೆ ಬೆಳ್ಳಿ ಮಿಂಚುತ್ತಿತ್ತು. ಉಜ್ಜದ ಕಡೆ ಕಲಾಯಿ ಹಿಡಿಯುತ್ತಿರಲಿಲ್ಲ. ಇಲ್ಲಿಯೂ ಅದೇ ಧರ್ಮ: ಜಿಡ್ಡಿರುವ ಕಡೆ ಹೊದಿಕೆ ನಿಲ್ಲದು.

ಬಿಚ್ಚುವುದೇ ಅರ್ಧ ಕೆಲಸ

ಮುಂದಿನ ಎರಡಕ್ಕೆ ಪೌಡರ್, ಹಿಂದಿನ ಎರಡಕ್ಕೆ ಬ್ರಷ್ ಎಂದು ತೀರ್ಮಾನಿಸಿದೆವು. ಕಾರಣವಿತ್ತು. 200 ಡಿಗ್ರಿಯ ಓವನ್‌ಗೆ ಹೋಗುವ ಕ್ಯಾಲಿಪರಿನಲ್ಲಿ ರಬ್ಬರಿನ ಚೂರೂ ಉಳಿಯಬಾರದು. ಮುಂದಿನವುಗಳಲ್ಲಿ ಪಿಸ್ಟನ್, ಸೀಲ್, ಧೂಳು ತಡೆಯುವ ರಬ್ಬರ್, ಜಾರುವ ಪಿನ್ನು, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಎಲ್ಲವನ್ನೂ ಬಿಚ್ಚಿ ಬರೀ ಬೀಡುಕಬ್ಬಿಣದ ಎರಕ ಉಳಿಸಬಹುದಿತ್ತು. ಹಿಂದಿನವುಗಳ ಒಳಗೆ ಹ್ಯಾಂಡ್‌ಬ್ರೇಕಿನ ಯಂತ್ರವೂ ಸೇರಿಕೊಂಡಿದೆ. ಸರಿಯಾಗಿ ನಡೆಯುತ್ತಿರುವ ಆ ಯಂತ್ರವನ್ನು ಬಣ್ಣಕ್ಕಾಗಿ ಕೆದಕುವುದು ಅವನಿಗೆ ಇಷ್ಟವಿರಲಿಲ್ಲ.

ತಂತಿ ಬ್ರಷ್ಷು, ಎಮರಿ ಪೇಪರ್, ಬ್ರೇಕ್ ಕ್ಲೀನರ್ ಹಿಡಿದು ಮೂರು ದಿನ ಉಜ್ಜಿದೆವು. ಬೀಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ವರ್ಷಗಳ ಜಿಡ್ಡು ಅವುಗಳಲ್ಲಿ ಕೂತಿರುತ್ತದೆ. ಪುಡಿ ಕರಗುವ ಹೊತ್ತಿಗೆ ಆ ಜಿಡ್ಡು ಆವಿಯಾಗಿ ಹೊರಬಂದರೆ ಹೊದಿಕೆಯಲ್ಲಿ ಗುಳ್ಳೆ ಏಳುತ್ತದೆ. ಹಾಗಾಗಿ ಪುಡಿ ಹಾರಿಸುವ ಮೊದಲೇ ಒಮ್ಮೆ ಖಾಲಿ ಎರಕವನ್ನು ಓವನ್‌ನಲ್ಲಿ ಕಾಯಿಸಿ ‘ಬೆವರಿಸುತ್ತಾರೆ’.

ಹಚ್ಚಬಾರದ ಜಾಗಗಳ ಪಟ್ಟಿ ಗೋಡೆಯ ಮೇಲಿತ್ತು. ಪಿಸ್ಟನ್ ಓಡಾಡುವ ಕೊಳವೆ ಮತ್ತು ಅದರಲ್ಲಿ ಸೀಲ್ ಕೂರುವ ತೋಡು. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆಳೆಯುವುದು ಆ ಸೀಲಿನ ಸೆಳೆತವೇ. ಅಲ್ಲಿ ಪುಡಿಯ ಕಣ ಕೂತರೆ ಸೆಳೆತ ಕೆಡುತ್ತದೆ, ಆಯಿಲ್ ಸೋರಲೂಬಹುದು. ಬೋಲ್ಟು ಮತ್ತು ನಿಪ್ಪಲ್ಲುಗಳ ಥ್ರೆಡ್. ಬ್ರೇಕ್ ಹೋಸಿನ ತಾಮ್ರದ ವಾಷರ್ ಕೂರುವ ಮುಖ. ತಾಮ್ರ ಬರಿಯ ಲೋಹದ ಮೇಲೆ ಅಮುಕಿಕೊಂಡರೆ ಮಾತ್ರ ಸೋರಿಕೆ ನಿಲ್ಲುತ್ತದೆ. ಕ್ಯಾಲಿಪರನ್ನು ಹೊರುವ ಬ್ರಾಕೆಟ್ ಗಾಲಿಯ ಕಡೆಗೆ ಬೋಲ್ಟಾಗುವ ಮುಖ. ಅಲ್ಲಿ ಬಣ್ಣದ ಪದರವಿದ್ದರೆ ಕಾಲಕ್ರಮೇಣ ಅದು ನಲುಗಿ ತೆಳುವಾಗುತ್ತದೆ, ಬಿಗಿದ ಬೋಲ್ಟು ಸಡಿಲವಾಗುತ್ತದೆ. ಒಂದೊಂದಕ್ಕೂ ಟೇಪು, ಸಿಲಿಕಾನ್ ಬಿರಡೆ, ಹಳೆಯ ಬೋಲ್ಟು ಹಾಕಿ ಮುಚ್ಚಿಕೊಟ್ಟೆವು.

ಆದರೂ ಒಂದು ಜಾಗ ಬಿಟ್ಟುಹೋಯಿತು. ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಜಾರುವ ಕಚ್ಚು. ಪಟ್ಟಿಯಲ್ಲಿ ಬರೆಯಲಿಲ್ಲ, ಮುಚ್ಚಲಿಲ್ಲ, ಪೌಡರ್ ಅಂಗಡಿಯವರಿಗೆ ಹೇಳಲೂ ಇಲ್ಲ. ಹೊಳೆಯುತ್ತ ಬಂದ ಕ್ಯಾಲಿಪರ್‌ಗಳನ್ನು ಹೊಸ ಸೀಲು ಹಾಕಿ ಜೋಡಿಸಿದೆವು. ಪೆಡಲ್ ಒತ್ತಿ ಬಿಟ್ಟ ಮೇಲೆ ಎಡಗಾಲಿಯನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಪೌಡರಿನ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಪ್ಯಾಡಿನ ಎರಡೂ ಕಡೆ ಅಷ್ಟಷ್ಟು ಸೇರಿ, ಜಾರಲು ಇದ್ದ ಎಡೆಯನ್ನೇ ನುಂಗಿತ್ತು. ಪ್ಯಾಡು ಹಿಂದೆ ಸರಿಯದೆ ಡಿಸ್ಕಿಗೆ ಅಂಟಿಕೊಂಡೇ ಇತ್ತು. ಹಾಗೇ ರಸ್ತೆಗಿಳಿದಿದ್ದರೆ ಒಂದು ಗಾಲಿ ಕಾದು, ಆಯಿಲ್ ಕುದಿದು, ಬೇಕಾದಾಗ ಬ್ರೇಕು ಸಿಗುತ್ತಿರಲಿಲ್ಲ. ಮತ್ತೆ ಬಿಚ್ಚಿ, ಅರದಿಂದ ಆ ಕಚ್ಚುಗಳನ್ನು ಬರಿಯ ಲೋಹಕ್ಕೆ ತಂದೆವು. ಅರ ಉಜ್ಜುವಾಗ ಅವನು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ ಗೋಡೆಯ ಪಟ್ಟಿಗೆ ಆ ಸಾಲು ಸೇರಿಸಿದ.

ಹಿಂದಿನವುಗಳಿಗೆ ಬ್ರಷ್ಷಿನಲ್ಲಿ ಎರಡು ತೆಳು ಪದರ ಹಚ್ಚಿದೆವು. ಹೊಳಪು ಪೌಡರಿನಷ್ಟು ಸಮವಿಲ್ಲ. ಹತ್ತಿರದಿಂದ ನೋಡಿದರೆ ಬ್ರಷ್ಷಿನ ಗೆರೆ ಕಾಣುತ್ತದೆ. ಕಲ್ಲಿನೇಟು ತಡೆಯುವುದರಲ್ಲಿ ಪೌಡರ್ ಮೇಲು. ಆದರೆ ಎದ್ದ ಕಡೆ ಮನೆಯಲ್ಲೇ ತೇಪೆ ಹಾಕಲು ಬ್ರಷ್ಷಿನ ಬಣ್ಣವೇ ಸುಲಭ.

ಬಣ್ಣಕ್ಕೂ ಒಂದು ಮಾತಿದೆ

ಕ್ಯಾಲಿಪರಿನ ಬಣ್ಣಕ್ಕೆ ಕಾರು ಪ್ರಪಂಚದಲ್ಲಿ ಅರ್ಥವಿದೆ. ಪೋರ್ಷೆ ಕಾರಿನಲ್ಲಿ ಹಳದಿ ಕ್ಯಾಲಿಪರ್ ಎಂದರೆ ಒಳಗಿರುವುದು ಸೆರಾಮಿಕ್ ಡಿಸ್ಕು ಎಂಬ ಗುರುತು. 918 ಸ್ಪೈಡರ್‌ನಿಂದ ಮೊದಲಾಗಿ ಅವರ ಹಲವು ಹೈಬ್ರಿಡ್‌ಗಳಿಗೆ ಎದ್ದುಕಾಣುವ ಹಸಿರು. ‘ನನ್ನ ಗಾಡಿಯಲ್ಲಿ ಇಲ್ಲದ್ದನ್ನು ಇದೆ ಅಂತ ಹೇಳೋ ಬಣ್ಣ ಬೇಡ’ ಎಂದ ಗೆಳೆಯ. ಅವನ ಮಗಳು ಚೆಂಡುಹೂವಿನ ಕಿತ್ತಳೆ ಆರಿಸಿದಳು. ಅವನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ತಿಳಿಬಣ್ಣದ ಮೇಲೆ ಆಯಿಲ್ ಜಿನುಗಿದರೆ ಒದ್ದೆ ಗೆರೆ ಕೂಡಲೇ ಕಾಣುತ್ತದೆ.

ಕೊನೆಯ ಸಂಜೆ ಬ್ರೇಕಿನ ಗಾಳಿ ತೆಗೆದೆವು. ಅವನು ಪೆಡಲಿನ ಮೇಲೆ, ನಾನು ನಿಪ್ಪಲ್ಲಿನ ಬಳಿ. ‘ಒತ್ತು’, ‘ಹಿಡಿ’, ‘ಬಿಡು’ ಎಂಬ ಮೂರೇ ಮಾತು ಎರಡು ತಾಸು ನಡೆದವು. ಮಗಳು ಬಕೆಟ್ ನೀರು ಹಿಡಿದು ಕೂತಿದ್ದಳು, ಬಿದ್ದ ಹನಿಯನ್ನು ಆ ಕ್ಷಣವೇ ತೊಳೆಯಲು.

ಮನೆಯಲ್ಲಿ ಕಟ್ಟಿದ ಕಾರು ಬ್ರಿಟನ್ನಿನ ರಸ್ತೆಗಿಳಿಯಬೇಕಾದರೆ ಐವಿಎ ಎಂಬ ಸರ್ಕಾರಿ ತಪಾಸಣೆ ಗೆಲ್ಲಬೇಕು. ಅಲ್ಲಿ ರೋಲರುಗಳ ಮೇಲೆ ಗಾಲಿ ನಿಲ್ಲಿಸಿ ಬ್ರೇಕಿನ ಹಿಡಿತ ಅಳೆಯುತ್ತಾರೆ, ಬಣ್ಣಕ್ಕೆ ಅಂಕವಿಲ್ಲ. ನಾನು ಊರಿಗೆ ಮರಳಿದ ಮೇಲೆ ಅದು ಮುಗಿಯಿತು, ನಂಬರ್ ಪ್ಲೇಟೂ ಬಂತು. ಮೊದಲ ಓಟದ ದಿನ ಅವನು ವಿಡಿಯೊ ಕರೆ ಮಾಡಿದ. ಇಪ್ಪತ್ತು ಕಿಲೋಮೀಟರ್ ಓಡಿಸಿ ಆಗಷ್ಟೇ ಬಂದಿದ್ದ. ಕಿತ್ತಳೆ ಬಣ್ಣವನ್ನು ತೋರಿಸುತ್ತಾನೆಂದು ಕಾದೆ. ಅವನು ಫೋನನ್ನು ಮಗಳಿಗೆ ಕೊಟ್ಟು ಮಂಡಿಯೂರಿದ, ಒಂದೊಂದು ಗಾಲಿಯ ಬಳಿಯೂ ಅಂಗೈಯನ್ನು ತಾಗದಂತೆ ಹಿಡಿದ. ಮುಂದಿನ ಎರಡನ್ನು ಹೋಲಿಸಿದ, ಹಿಂದಿನ ಎರಡನ್ನು ಹೋಲಿಸಿದ.

‘ಎಡಕ್ಕೂ ಬಲಕ್ಕೂ ಬಿಸಿ ಒಂದೇ ಸಮ ಕಣೋ’ ಎಂದ.